ಗೆಳೆಯನ ಏಟು ತಾಗಬೇಕಾ, ಬೇಡವಾ? ಆನ್‌ಲೈನ್ ಆಟಗಳಲ್ಲಿ ಫ್ರೆಂಡ್ಲಿ ಫೈರ್, ಪಿವಿಪಿ ಆಯ್ಕೆ ಮಾಡುವ ಬಗೆ

ಹೊಸದಾಗಿ ಸರ್ವರ್ ಹಾಕುವವರು ಮೊದಲು ಕೇಳುವ ಪ್ರಶ್ನೆ ಇದೇ: ಫ್ರೆಂಡ್ಲಿ ಫೈರ್ ಆನ್ ಇಡಬೇಕಾ, ಆಫ್ ಇಡಬೇಕಾ? ವಿರಾಜಪೇಟೆಯ ಕಾಲೇಜು ಹುಡುಗರು ಕೇಳಿದ್ದಾರೆ. ಮಗನಿಗೆ ಮೈನ್‌ಕ್ರಾಫ್ಟ್ ಹಾಕಿಕೊಟ್ಟ ಸೋಮವಾರಪೇಟೆಯ ತಾಯಿಯೊಬ್ಬರು ಕೇಳಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ರಾತ್ರಿ ಊಟ ಆದಮೇಲೆ ಮಡಿಕೇರಿಯ ತಮ್ಮಂದಿರ ಜೊತೆ ಆಡುವವರೂ ಕೇಳಿದ್ದಾರೆ. ಆನ್ ಅಥವಾ ಆಫ್ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಇವರಲ್ಲಿ ಯಾರಿಗೂ ಉಪಯೋಗವಿಲ್ಲ. ಅದಕ್ಕೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಸ್ವಿಚ್ ಯಾರ ಕೈಯಲ್ಲಿದೆ? ಸತ್ತವನು ಏನು ಕಳೆದುಕೊಳ್ಳುತ್ತಾನೆ? ಜಗಳ ಆಗುವುದು ಏಟು ತಾಗಿದ್ದಕ್ಕಲ್ಲ, ಕೇಳದೆ ಹೊಡೆದಿದ್ದಕ್ಕೆ, ಹೊಡೆದು ಕಷ್ಟಪಟ್ಟು ಕೂಡಿಟ್ಟಿದ್ದನ್ನು ಕಿತ್ತುಕೊಂಡಿದ್ದಕ್ಕೆ.

ಹೊಸಬರಿಗಾಗಿ ಒಂದು ಮಾತು. ಫ್ರೆಂಡ್ಲಿ ಫೈರ್ ಅಂದರೆ ನಿಮ್ಮ ಏಟು ನಿಮ್ಮದೇ ತಂಡದವನಿಗೆ ತಾಗುವುದು. ಹೆಚ್ಚಿನ ಸಲ ಅದು ಗೊತ್ತಿಲ್ಲದೆ ಆಗುತ್ತದೆ. ಪಿವಿಪಿ ಅಂದರೆ ಒಬ್ಬ ಆಟಗಾರ ಇನ್ನೊಬ್ಬನ ಮೇಲೆ ಬೇಕೆಂದೇ ಕೈ ಮಾಡುವುದು. ಕೆಲವು ಆಟಗಳಲ್ಲಿ ಎರಡಕ್ಕೂ ಒಂದೇ ಸ್ವಿಚ್, ಕೆಲವದರಲ್ಲಿ ಬೇರೆ ಬೇರೆ. ಸೆಟ್ಟಿಂಗ್ಸ್ ನೋಡುವಾಗ ಇದನ್ನು ಮೊದಲು ತಿಳಿದುಕೊಳ್ಳಿ.

ಇಡೀ ಸರ್ವರ್‌ಗೆ ಒಂದೇ ಸ್ವಿಚ್

ಮೈನ್‌ಕ್ರಾಫ್ಟ್ ಈ ಜಾತಿಯದು. ಬೆಡ್‌ರಾಕ್‌ನಲ್ಲಿ, ಅಂದರೆ ಮೊಬೈಲ್‌ನಲ್ಲಿ ಓಡುವ ಆವೃತ್ತಿಯಲ್ಲಿ, ವರ್ಲ್ಡ್ ಸೆಟ್ಟಿಂಗ್ಸ್ ಒಳಗೆ ಫ್ರೆಂಡ್ಲಿ ಫೈರ್ ಅನ್ನುವ ಬಟನ್ ಇದೆ. ಕಂಪ್ಯೂಟರಿನಲ್ಲಿ ಓಡುವ ಜಾವಾ ಆವೃತ್ತಿಯ ಸರ್ವರ್‌ನಲ್ಲಿ ಬಹುಕಾಲದಿಂದ ಸರ್ವರ್ ಡಾಟ್ ಪ್ರಾಪರ್ಟೀಸ್ ಅನ್ನುವ ಫೈಲಿನಲ್ಲಿ ಪಿವಿಪಿ ಅಂತ ಒಂದು ಸಾಲು ಇತ್ತು. ನೀವು ಏನೂ ಮುಟ್ಟದೆ ಬಿಟ್ಟರೆ ಅದು ಆನ್. ಇದನ್ನು ಗಮನಿಸದೆ ಸರ್ವರ್ ತೆರೆದವರು ತುಂಬಾ ಜನ. ಜಾವಾದಲ್ಲಿ ಕತ್ತಿ ಬೀಸಿದರೆ ಎದುರಿಗಿದ್ದ ಜಾಂಬಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ನಿಂತವನಿಗೂ ತಾಗುತ್ತದೆ. ಹೀಗಾಗಿ ಪಿವಿಪಿ ಆನ್ ಇದ್ದಾಗ, ಕಿರಿದಾದ ಗುಹೆಯಲ್ಲಿ ಇಬ್ಬರು ಒಟ್ಟಿಗೆ ಹೋರಾಡಿದರೆ ಒಬ್ಬರಿಗೊಬ್ಬರು ಹೊಡೆದುಕೊಳ್ಳದೆ ಹೊರಗೆ ಬರುವುದು ಕಷ್ಟ.

ಆಫ್ ಮಾಡಿದರೆ ಎಲ್ಲ ಸರಿ ಹೋಯ್ತು ಅಂದುಕೊಳ್ಳಬೇಡಿ. ಜಾವಾ ಸರ್ವರ್‌ನಲ್ಲಿ ಪಿವಿಪಿ ಆಫ್ ಇದ್ದರೂ ನೇರ ಏಟು ಮಾತ್ರ ನಿಲ್ಲುತ್ತದೆ. ಲಾವಾ, ಬೆಂಕಿ, ಟಿಎನ್‌ಟಿ ಎಲ್ಲ ಹಾಗೇ ಕೆಲಸ ಮಾಡುತ್ತವೆ. ಒಬ್ಬ ಹುಡುಗ ಮನೆ ಬಾಗಿಲಿನ ಮೇಲೆ ಒಂದು ಬಕೆಟ್ ಲಾವಾ ಸುರಿದು ಹೋಗುತ್ತಾನೆ. ಬಾಗಿಲು ತೆಗೆದು ಹೊರಗೆ ಕಾಲಿಟ್ಟವನಿಗೆ ಪರದೆಯೆಲ್ಲ ಕೆಂಪಾಗಿ ಕಾಣುವಷ್ಟರಲ್ಲಿ ಜೀವ ಅರ್ಧ ಹೋಗಿರುತ್ತದೆ. ವಜ್ರದ ಗುದ್ದಲಿ, ಕವಚ, ಕೈಯಲ್ಲಿದ್ದದ್ದೆಲ್ಲ ಆ ಲಾವಾದಲ್ಲೇ ಬಿದ್ದು ಸುಟ್ಟುಹೋಗುತ್ತದೆ. ಹೊಡೆದಿಲ್ಲವಲ್ಲ ಅಂತ ಆ ಹುಡುಗ ವಾದ ಮಾಡುತ್ತಾನೆ. ಸೆಟ್ಟಿಂಗ್ ಪ್ರಕಾರ ಅವನು ಹೇಳುವುದು ಸರಿಯೇ!

ಅದಕ್ಕೇ ನಾನು ಎರಡನೆಯ ಪ್ರಶ್ನೆಯನ್ನು ಇಷ್ಟು ಒತ್ತಿ ಹೇಳುವುದು. ಮೈನ್‌ಕ್ರಾಫ್ಟ್‌ನಲ್ಲಿ ಸತ್ತರೆ ಸಾಮಾನೆಲ್ಲ ನೆಲಕ್ಕೆ ಬೀಳುತ್ತದೆ. ಹತ್ತಿರದಲ್ಲಿ ಯಾರಾದರೂ ಇದ್ದು ಆ ಜಾಗ ಚಾಲೂ ಇದ್ದರೆ 5 ನಿಮಿಷದಲ್ಲಿ ಮಾಯವಾಗುತ್ತದೆ. ಕೀಪ್ ಇನ್ವೆಂಟರಿ ಅನ್ನುವ ಗೇಮ್‌ರೂಲ್ ಆನ್ ಮಾಡಿದರೆ ಸತ್ತವನ ಸಾಮಾನು ಅವನ ಹತ್ತಿರವೇ ಉಳಿಯುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳು ಆಡುವ ಸರ್ವರ್‌ಗೆ ಪಿವಿಪಿ ಆಫ್ ಮಾಡುವುದಕ್ಕಿಂತ ಇದು ಜಾಸ್ತಿ ಶಾಂತಿ ತರುತ್ತದೆ. ಮಕ್ಕಳಿಗೆ ಹೊಡೆದಾಟ ಬೇಕು, ಅದರಲ್ಲಿ ತಪ್ಪೇನಿಲ್ಲ. ವಾರವಿಡೀ ಕೂಡಿಸಿದ್ದು ಹೋದರೆ ಮಾತ್ರ ಅಳು ಬರುತ್ತದೆ.

ಜಾವಾದಲ್ಲಿ ಇನ್ನೊಂದು ಅನುಕೂಲ ಇದೆ. ಟೀಮ್ ಕಮಾಂಡ್ ಹಾಕಿ ತಂಡ ಮಾಡಿ, ಆ ತಂಡಕ್ಕೆ ಫ್ರೆಂಡ್ಲಿ ಫೈರ್ ಫಾಲ್ಸ್ ಅಂತ ಕೊಟ್ಟರೆ ತಂಡದೊಳಗೆ ಏಟು ತಾಗುವುದಿಲ್ಲ, ಎದುರಾಳಿ ತಂಡಕ್ಕೆ ತಾಗುತ್ತದೆ. ಗೋಣಿಕೊಪ್ಪಲಿನವರು ಒಂದು ಕಡೆ, ಕುಶಾಲನಗರದವರು ಇನ್ನೊಂದು ಕಡೆ ಅಂತ ಆಡುವವರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇರೆ ಬೇಡ. ಬೆಡ್‌ರಾಕ್‌ನಲ್ಲಿ ಈ ಟೀಮ್ ಕಮಾಂಡ್ ಇಲ್ಲ. ಗುಂಪಿನಲ್ಲಿ ಮೊಬೈಲ್‌ನವರಿದ್ದರೆ ಮೊದಲೇ ನೋಡಿಕೊಳ್ಳಿ.

ಡೋಂಟ್ ಸ್ಟಾರ್ವ್ ಟುಗೆದರ್‌ನಲ್ಲೂ ಸರ್ವರ್ ಮಾಡುವಾಗಲೇ ಪಿವಿಪಿ ಕೇಳುತ್ತದೆ, ಅಲ್ಲಿ ಮೊದಲಿಗೆ ಆಫ್. ಅಲ್ಲಿಯೂ ಬೆಂಕಿಯ ಕಥೆ ಇದೇ. ದೊಂದಿ ಹಿಡಿದ ಒಬ್ಬ ಕಿಡಿಗೇಡಿ ಸಾಕು, ಶಿಬಿರ ಪೂರ್ತಿ ಬೂದಿ.

ಸ್ವಿಚ್ ಪ್ರತಿಯೊಬ್ಬನ ಕೈಯಲ್ಲಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಬಗೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ವಯಸ್ಸು ಬೇರೆ ಬೇರೆ ಇರುವವರು ಒಟ್ಟಿಗೆ ಆಡುವುದಾದರೆ ಇದನ್ನೇ ಹುಡುಕಿ.

ಟೆರೇರಿಯಾ 2011ರ ಆಟ. ಇವತ್ತಿಗೂ ಈ ವಿಷಯದಲ್ಲಿ ಅದನ್ನು ಮೀರಿಸಿದ್ದು ನಾನು ನೋಡಿಲ್ಲ. ಇನ್ವೆಂಟರಿ, ಅಂದರೆ ನಿಮ್ಮ ಸಾಮಾನು ತೋರಿಸುವ ಪರದೆ, ತೆರೆದರೆ ಕತ್ತಿಯ ಚಿಹ್ನೆ ಕಾಣುತ್ತದೆ, ಅದರ ಹತ್ತಿರವೇ ತಂಡದ ಬಣ್ಣಗಳು. ಕತ್ತಿಯನ್ನು ಒತ್ತಿದರೆ ನಿಮ್ಮ ಪಿವಿಪಿ ಆನ್ ಆಯಿತು ಅಂತ ಚಾಟ್‌ನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಏಟು ತಾಗಬೇಕಾದರೆ ಇಬ್ಬರದ್ದೂ ಆನ್ ಇರಬೇಕು. ಇಬ್ಬರೂ ಒಂದೇ ಬಣ್ಣದ ತಂಡದಲ್ಲಿದ್ದರೆ ಆನ್ ಇದ್ದರೂ ತಾಗುವುದಿಲ್ಲ. ಅಣ್ಣ ತಮ್ಮ ಇಬ್ಬರೂ ಜಿದ್ದಿಗೆ ಬಿದ್ದು ಹೊಡೆದಾಡುತ್ತಿರಲಿ, ಅದೇ ಸರ್ವರ್‌ನಲ್ಲಿ ಅಕ್ಕ ಆರಾಮಾಗಿ ಮನೆ ಕಟ್ಟಿಕೊಂಡಿರಬಹುದು. ಅವರ ಬಾಣ ಅವಳ ಮೈಮೇಲೆ ಹಾದು ಹೋದರೂ ಏನೂ ಆಗುವುದಿಲ್ಲ.

ನಮ್ಮ ಕೊಡಗಿನ ಕಡೆ ಹುತ್ತರಿ ಸುಗ್ಗಿ ಹಬ್ಬದ ಸಮಯದಲ್ಲಿ ಊರ ಬಯಲಾದ ಮಂದ್‌ನಲ್ಲಿ ಪರೆಯಕಳಿ ಅನ್ನುವ ಬೆತ್ತದ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆತ್ತ, ಗುರಾಣಿ ಹಿಡಿದು ಇಬ್ಬರು ತಾವಾಗಿ ಕಣಕ್ಕಿಳಿಯುತ್ತಾರೆ, ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಏಟು ನಿಜವಾದ ಏಟೇ, ಉರಿಯುತ್ತದೆ. ಆದರೂ ಸುತ್ತ ನಿಂತವರಲ್ಲಿ ಒಬ್ಬನಿಗೂ ತನ್ನ ಕಾಲಿಗೆ ಬೆತ್ತ ಬೀಳುತ್ತದೆ ಅನ್ನುವ ಹೆದರಿಕೆ ಇರುವುದಿಲ್ಲ. ಟೆರೇರಿಯಾದ ಕತ್ತಿ ಬಟನ್ ಮಾಡುವುದು ಇಷ್ಟನ್ನೇ.

ವ್ಯಾಲ್‌ಹೈಮ್‌ನಲ್ಲೂ ಪಿವಿಪಿ ಬಟನ್ ಇನ್ವೆಂಟರಿ ಪರದೆಯಲ್ಲೇ ಇದೆ, ಆಟಗಾರನೇ ಆರಿಸಿಕೊಳ್ಳಬೇಕು. ಸತ್ತರೆ ಸಾಮಾನು ಸತ್ತ ಜಾಗದಲ್ಲಿ ಗೋರಿಯೊಳಗೆ ಉಳಿಯುತ್ತದೆ, ಹೋಗಿ ತೆಗೆದುಕೊಳ್ಳಬಹುದು. ಆದರೆ ಪಿವಿಪಿ ಆಫ್ ಮಾಡಿದ ಮಾತ್ರಕ್ಕೆ ಬೇರೆಯವನು ನಿಮ್ಮ ಮನೆಯ ಮರದ ತೊಲೆ ಕಿತ್ತುಕೊಂಡು ಹೋಗುವುದು ನಿಲ್ಲುವುದಿಲ್ಲ. ಅದಕ್ಕೆ ವಾರ್ಡ್ ಅನ್ನುವ ಕಂಬ ನೆಡಬೇಕು. ಅದು ಇದ್ದರೆ ನೀವು ಒಪ್ಪಿಗೆ ಕೊಡದವರು ಅಲ್ಲಿ ಕಟ್ಟಲೂ ಆಗುವುದಿಲ್ಲ, ಸುತ್ತಿಗೆಯಿಂದ ಬಿಚ್ಚಲೂ ಆಗುವುದಿಲ್ಲ, ಬಾಗಿಲೂ ತೆರೆಯುವುದಿಲ್ಲ. ಹೊಸ ಸರ್ವರ್‌ನಲ್ಲಿ ಇದಕ್ಕೆ ಬೇಕಾದ ಸಾಮಾನು ಸಿಕ್ಕಿದ ಕೂಡಲೇ ಮನೆಯ ಹತ್ತಿರ ನೆಟ್ಟುಬಿಡಿ.

ದೊಡ್ಡ ಆಟಗಳಿಗೆ ಬಂದರೆ, ಜಿಟಿಎ ಆನ್‌ಲೈನ್‌ನಲ್ಲಿ ಪ್ಯಾಸಿವ್ ಮೋಡ್ ಇದೆ. ಅದರಲ್ಲಿದ್ದರೆ ಬೇರೆಯವರು ನಿಮಗೆ ಗುಂಡು ಹೊಡೆಯಲಾರರು, ನೀವೂ ಅವರಿಗೆ ಹೊಡೆಯಲಾರಿರಿ. ಅಲ್ಲಿ ನಿಜವಾದ ತಲೆನೋವು ಸರಕು ಮಾರುವ ಮಿಷನ್‌ಗಳದ್ದಾಗಿತ್ತು, ಯಾರು ಬೇಕಾದರೂ ಸೇರಬಹುದಾದ ಪಬ್ಲಿಕ್ ಸೆಷನ್‌ನಲ್ಲಿ ಯಾರೋ ಬಂದು ಗಾಡಿ ಸಮೇತ ಉಡಾಯಿಸಿ ಹೋಗುತ್ತಿದ್ದರು. 2022ರ ಅಪ್‌ಡೇಟ್ ಆದಮೇಲೆ ಆ ಮಾರಾಟವನ್ನು ಕರೆದವರು ಮಾತ್ರ ಬರುವ ಸೆಷನ್‌ನಲ್ಲೇ ಮಾಡಬಹುದು. ಫಾಲ್‌ಔಟ್ 76ರಲ್ಲಿ ಪ್ಯಾಸಿಫಿಸ್ಟ್ ಮೋಡ್ ಇದೆ. ಅದನ್ನು ಹಾಕಿಕೊಂಡರೆ ಅಪ್ಪಿತಪ್ಪಿ ಬೇರೆಯವನಿಗೆ ಗುಂಡು ಬಿದ್ದು ಜಗಳ ಶುರುವಾಗುವುದು ತಪ್ಪುತ್ತದೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನದ್ದು ಸ್ವಲ್ಪ ಬೇರೆ. 2004ರಲ್ಲಿ ಬಂದಾಗ ಪಿವಿಪಿ ರೆಲ್ಮ್ (ಅಂದರೆ ಸರ್ವರ್) ಬೇರೆ, ಆಟಗಾರರ ಬದಲು ಆಟದ ಶತ್ರುಗಳ ಜೊತೆ ಹೋರಾಡುವ ಪಿವಿಇ ರೆಲ್ಮ್ ಬೇರೆ. ಒಂದನ್ನು ಆರಿಸಿಕೊಂಡ ಮೇಲೆ ಅಲ್ಲೇ ಇರಬೇಕು. 2018ರಲ್ಲಿ ವಾರ್ ಮೋಡ್ ತಂದು ಆಯ್ಕೆಯನ್ನು ಆಟಗಾರನಿಗೇ ಕೊಟ್ಟರು. ಆನ್ ಮಾಡಿದವರಿಗೆ ಅನುಭವದ ಅಂಕದಲ್ಲಿ ಬೋನಸ್ ಕೂಡ ಸಿಗುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಬೋನಸ್ ಆಸೆಗೆ ಆನ್ ಮಾಡಿದವನು ಹೊಡೆದಾಟ ಬೇಕು ಅಂತ ಬಂದವನಲ್ಲ. ನಿಮ್ಮ ಸರ್ವರ್‌ನಲ್ಲಿ ಪಿವಿಪಿ ಆನ್ ಇಟ್ಟವರಿಗೆ ಬಹುಮಾನ ಇಡುವ ಯೋಚನೆ ಇದ್ದರೆ ಕೈಬಿಡಿ. ಒಪ್ಪಿಗೆ ಅನ್ನುವುದು ಆಸೆ ತೋರಿಸಿ ಪಡೆಯುವ ವಸ್ತು ಅಲ್ಲ.

ಜಾಗ ನೋಡಿ ನಿಯಮ

ಕೆಲವು ಆಟಗಳಲ್ಲಿ ಬಟನ್ ಇಲ್ಲ, ಗಡಿ ಇದೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಒಂದು ಕಂದಕ ದಾಟಿದರೆ ವೈಲ್ಡರ್‌ನೆಸ್, ಅಲ್ಲಿ ನಿಮ್ಮ ಮೇಲೆ ಯಾರಾದರೂ ಬೀಳಬಹುದು. ಒಳಗೆ ಹೋದಷ್ಟೂ ನಿಮಗಿಂತ ಎಷ್ಟೋ ಬಲಶಾಲಿಗಳು ಹೊಡೆಯಲು ಅವಕಾಶ ಸಿಗುತ್ತಾ ಹೋಗುತ್ತದೆ. ಈ ವೈಲ್ಡರ್‌ನೆಸ್‌ನ ಹಳೆಯ ಹೊಡೆದಾಟವನ್ನು ರೂನ್‌ಸ್ಕೇಪ್‌ನವರು 2007ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದ್ದರು. ಆಟಗಾರರು ಸಿಟ್ಟಾದರು. ಕೊನೆಗೆ ಅವರ ಮತ ಕೇಳಿ 2011ರಲ್ಲಿ ವಾಪಸ್ ತರಬೇಕಾಯಿತು. ಅಪಾಯ ಬೇಕು ಅನ್ನುವವರೂ ತುಂಬಾ ಜನ ಇದ್ದಾರೆ, ಅವರನ್ನು ಮರೆಯುವ ಹಾಗಿಲ್ಲ.

ಇದಕ್ಕಿಂತ ಹಳೆಯ ಪಾಠ 1997ರ ಅಲ್ಟಿಮಾ ಆನ್‌ಲೈನ್‌ನದ್ದು. ಶುರುವಿನಲ್ಲಿ ಊರು ದಾಟಿದರೆ ಯಾರು ಯಾರನ್ನಾದರೂ ಕೊಂದು ದೋಚಬಹುದಿತ್ತು. ಹೊಸಬರು ಬಂದಷ್ಟೇ ವೇಗದಲ್ಲಿ ಓಡಿಹೋಗುತ್ತಿದ್ದರು. 2000ದಲ್ಲಿ ಇಡೀ ಲೋಕವನ್ನೇ ಎರಡು ಮಾಡಿದರು: ಒಪ್ಪಿಗೆ ಇಲ್ಲದೆ ಹೊಡೆಯುವ ಹಾಗಿಲ್ಲದ ಟ್ರಾಮೆಲ್, ಹಳೆಯ ರೀತಿಯ ಫೆಲುಕ್ಕಾ. ಬಹಳ ಜನ ಟ್ರಾಮೆಲ್ ಕಡೆ ಹೋದರು. ಹಳೆಯ ಆಟಗಾರರು ಇವತ್ತಿಗೂ ಇದನ್ನೇ ಹಿಡಿದು ಜಗಳವಾಡುತ್ತಾರೆ, ಆಟ ಉಳಿಯಿತು ಅಂತ ಕೆಲವರು, ರುಚಿ ಕೆಟ್ಟಿತು ಅಂತ ಕೆಲವರು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಕುರಿ ಓಡಿಹೋದ ಮೇಲೆ ತೋಳ ಏನು ಮಾಡುತ್ತದೆ?

ಬಾಹ್ಯಾಕಾಶ ನೌಕೆಗಳ ಆಟ ಈವ್ ಆನ್‌ಲೈನ್ ಬಗ್ಗೆ ಎಚ್ಚರಿಕೆ ಹೇಳಿಯೇ ಮುಂದೆ ಹೋಗಬೇಕು. ಹೈ ಸೆಕ್ಯುರಿಟಿ ಜಾಗ ಅನ್ನುವ ಹೆಸರು ಕೇಳಿ ಹೊಸಬರು ಅಲ್ಲಿ ಏನೂ ಆಗುವುದಿಲ್ಲ ಅಂದುಕೊಳ್ಳುತ್ತಾರೆ. ಅಲ್ಲಿ ಕಾನ್‌ಕಾರ್ಡ್ ಅನ್ನುವ ಪೊಲೀಸರು ಇದ್ದಾರೆ, ನಿಜ. ಆದರೆ ಅವರು ಬಂದು ಹೊಡೆದವನ ನೌಕೆಯನ್ನು ಸುಟ್ಟುಹಾಕುತ್ತಾರೆ, ನಿಮ್ಮದನ್ನು ಉಳಿಸುವುದಿಲ್ಲ. ತನ್ನ ಅಗ್ಗದ ನೌಕೆ ಹೋದರೂ ಪರವಾಗಿಲ್ಲ, ನಿಮ್ಮ ತುಂಬಿದ ಸರಕು ನೌಕೆ ಸಿಕ್ಕರೆ ಸಾಕು ಅಂತ ಲೆಕ್ಕ ಹಾಕಿಯೇ ಬರುವವರು ಇದ್ದಾರೆ. ಶಿಕ್ಷೆ ಬೇರೆ, ರಕ್ಷಣೆ ಬೇರೆ. ನಿಮ್ಮ ಸರ್ವರ್‌ನಲ್ಲಿ ಹೊಡೆದವನನ್ನು ಆಮೇಲೆ ಬ್ಯಾನ್ ಮಾಡುತ್ತೇನೆ ಅನ್ನುವ ನಿಯಮ ಮಾತ್ರ ಇದ್ದರೆ ಅದೂ ಇದೇ ಲೆಕ್ಕ.

ಸೀ ಆಫ್ ಥೀವ್ಸ್ 2018ರಿಂದ ಎಲ್ಲರನ್ನೂ ಒಂದೇ ಸಮುದ್ರದಲ್ಲಿ ಬಿಟ್ಟಿತ್ತು. 2023ರ ಡಿಸೆಂಬರ್‌ನಲ್ಲಿ ಸೇಫರ್ ಸೀಸ್ ಬಂತು, ಅಲ್ಲಿ ನಿಮ್ಮ ಹಡಗಿನವರು ಬಿಟ್ಟರೆ ಬೇರೆ ಆಟಗಾರರೇ ಇಲ್ಲ. ಸಿಗುವ ಚಿನ್ನ ಕಡಿಮೆ. ಮನೆಯವರ ಜೊತೆ ಆಡುವವರಿಗೆ ಇದು ಧಾರಾಳ ಸಾಕು. ಎಲ್ಡನ್ ರಿಂಗ್‌ನಲ್ಲಿ ಒಬ್ಬರೇ ಆಡುತ್ತಿದ್ದರೆ ಸಾಮಾನ್ಯವಾಗಿ ಬೇರೆ ಆಟಗಾರರು ದಾಳಿ ಮಾಡುವುದಿಲ್ಲ, ಗೆಳೆಯನನ್ನು ಸಹಾಯಕ್ಕೆ ಕರೆದಾಗ ಶತ್ರು ಆಟಗಾರನಿಗೂ ಬಾಗಿಲು ತೆರೆಯುತ್ತದೆ.

ಆಫ್ ಮಾಡಲಾಗದ ಆಟಗಳು

ಹೆಲ್‌ಡೈವರ್ಸ್ 2 ಬಂದದ್ದು 2024ರ ಫೆಬ್ರವರಿಯಲ್ಲಿ. ಅದರಲ್ಲಿ ಫ್ರೆಂಡ್ಲಿ ಫೈರ್ ಯಾವಾಗಲೂ ಆನ್, ಬಟನ್ ಹುಡುಕಿ ಪ್ರಯೋಜನವಿಲ್ಲ. ನೀವು ಇಟ್ಟ ತೋಪು ಶತ್ರುವಿನ ಕಡೆ ತಿರುಗುವಾಗ ಮಧ್ಯೆ ಗೆಳೆಯ ನಿಂತಿದ್ದರೆ ಅವನ ಮೂಲಕವೇ ಗುಂಡು ಹೋಗುತ್ತದೆ. ಮದ್ದುಗುಂಡಿನ ಪೆಟ್ಟಿಗೆ ಆಕಾಶದಿಂದ ಬಿದ್ದು ಅದರಡಿ ಸಿಕ್ಕಿ ಸಾಯುವವರೂ ಇದ್ದಾರೆ. ಆದರೂ ಈ ಆಟದಲ್ಲಿ ನಾನು ಫ್ರೆಂಡ್ಲಿ ಫೈರ್ ಬೇಕೇ ಬೇಕು ಅನ್ನುತ್ತೇನೆ. ಅಲ್ಲಿ ಸತ್ತವನನ್ನು ಗೆಳೆಯರು ತಕ್ಷಣ ಮತ್ತೆ ಕರೆಸಬಹುದು. ಆ ಅವಕಾಶಗಳ ಲೆಕ್ಕ ಇಡೀ ತಂಡಕ್ಕೆ ಒಂದೇ. ಗೆಳೆಯನನ್ನು ಕೊಂದರೆ ಕಳೆದುಕೊಳ್ಳುವುದು ಅವನೊಬ್ಬನೇ ಅಲ್ಲ, ನೀವೂ ಕೂಡ. ಅದಕ್ಕೇ ಜನ ಕೂಗಿ ಹೇಳಿಕೊಳ್ಳುತ್ತಾರೆ, ಜಾಗ ಬಿಟ್ಟು ನಿಲ್ಲುತ್ತಾರೆ, ಬಾಂಬ್ ಹಾಕುವ ಮುಂಚೆ ಒಂದು ಸಲ ನೋಡುತ್ತಾರೆ. ಡೀಪ್ ರಾಕ್ ಗ್ಯಾಲಕ್ಟಿಕ್ ಕೂಡ ಹೀಗೇ. ಏಟು ತಾಗುತ್ತದೆ, ಬಿದ್ದವನನ್ನು ಎಬ್ಬಿಸಬಹುದು, ಸಿಟ್ಟು ಉಳಿಯುವುದಿಲ್ಲ.

ಲೆಫ್ಟ್ 4 ಡೆಡ್ 2ರಲ್ಲಿ ಕಷ್ಟದ ಮಟ್ಟದ ಮೇಲೆ ಹೋಗುತ್ತದೆ. ಈಸಿಯಲ್ಲಿ ಗೆಳೆಯನಿಗೆ ಏನೂ ಆಗುವುದಿಲ್ಲ, ಮೇಲೆ ಹೋದಂತೆ ಜಾಸ್ತಿ. ಕಲಿಯುವವರಿಗೆ ಇದು ಒಳ್ಳೆ ಮೆಟ್ಟಿಲು. ಈಸಿಯಲ್ಲಿ ಅಭ್ಯಾಸ ಮಾಡಿಕೊಂಡವನು ನಾರ್ಮಲ್‌ಗೆ ಬಂದ ದಿನ ಎಷ್ಟು ಸಲ ಗೆಳೆಯನ ಬೆನ್ನಿಗೆ ಹೊಡೆಯುತ್ತಿದ್ದೆ ಅನ್ನುವುದು ಅವನಿಗೇ ಗೊತ್ತಾಗುತ್ತದೆ.

ಗುರುತಿಲ್ಲದವರ ಜೊತೆ ಆಡುವ ಶೂಟರ್‌ಗಳ, ಅಂದರೆ ಗುಂಡು ಹಾರಿಸುವ ಆಟಗಳ, ಮಾತೇ ಬೇರೆ. ಕೌಂಟರ್ ಸ್ಟ್ರೈಕ್‌ನಲ್ಲಿ ಕ್ಯಾಶುಯಲ್ ಮೋಡ್‌ಗೆ ಫ್ರೆಂಡ್ಲಿ ಫೈರ್ ಆಫ್, ಕಾಂಪಿಟಿಟಿವ್ ಮೋಡ್‌ಗೆ ಆನ್. ವ್ಯಾಲರಂಟ್‌ನಲ್ಲಿ ಗುಂಡು ಗೆಳೆಯನಿಗೆ ತಾಗುವುದಿಲ್ಲ, ಆದರೆ ನೀವು ಎಸೆದ ಫ್ಲ್ಯಾಶ್‌ಗೆ ಅವನ ಕಣ್ಣು ಕತ್ತಲೆ ಕಟ್ಟುತ್ತದೆ. ಫೋರ್ಟ್‌ನೈಟ್‌ನವರು ಬೇಕೆಂದೇ ಗೆಳೆಯರನ್ನು ಕೊಲ್ಲುವವರ ಕಾಟ ತಾಳಲಾರದೆ 2018ರಲ್ಲಿ ತಂಡದ ಆಟದಿಂದ ಫ್ರೆಂಡ್ಲಿ ಫೈರನ್ನು ತೆಗೆದೇಬಿಟ್ಟರು. ರೇನ್‌ಬೋ ಸಿಕ್ಸ್ ಸೀಜ್ 2019ರಲ್ಲಿ ಮೂರನೆಯ ದಾರಿ ಹುಡುಕಿತು: ಗೆಳೆಯನಿಗೆ ಹೊಡೆಯುವ ಚಾಳಿ ಇದ್ದವನ ಏಟು ಅವನಿಗೇ ತಿರುಗಿ ಬೀಳುತ್ತದೆ. ನನಗೆ ಇದು ತುಂಬಾ ಹಿಡಿಸಿತು, ಜಾಗ್ರತೆ ಕಲಿಸುವ ಭಾರ ತಪ್ಪು ಮಾಡಿದವನ ಮೇಲೇ ಬೀಳುತ್ತದೆ.

ಕೊಡಗಿನ ಮಳೆ, ಕೊಡಗಿನ ನೆಟ್

ಬೇರೆ ಊರಿನವರು ಬರೆದ ಸಲಹೆಯಲ್ಲಿ ಇದು ಇರುವುದಿಲ್ಲ, ಅದಕ್ಕೆ ಬಿಡಿಸಿ ಬರೆಯುತ್ತಿದ್ದೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ, ಕರೆಂಟ್ ಇಲ್ಲದೆ ಟವರ್ ಬ್ಯಾಟರಿ ಮುಗಿಯುತ್ತದೆ, ಮನೆಯ ಇನ್ವರ್ಟರ್ ಇದ್ದರೂ ನೆಟ್ ಇರುವುದಿಲ್ಲ. ತೋಟದೊಳಗಿನ ಮನೆಗಳಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಅದೇ ದೊಡ್ಡದು. ಹೀಗಿರುವಾಗ ನಿಮ್ಮ ಪರದೆಯಲ್ಲಿ ಕಾಣುವ ಗೆಳೆಯ ಈಗ ಅಲ್ಲಿಲ್ಲ, ಸ್ವಲ್ಪ ಹೊತ್ತಿನ ಹಿಂದೆ ಅಲ್ಲಿದ್ದ. ಎಷ್ಟೋ ಶೂಟರ್‌ಗಳಲ್ಲಿ ಸರ್ವರ್ ಹಿಂದಕ್ಕೆ ಹೋಗಿ, ನೀವು ಗುಂಡು ಹೊಡೆದಾಗ ನಿಮಗೆ ಏನು ಕಾಣುತ್ತಿತ್ತೋ ಅದನ್ನೇ ನೋಡಿ ಏಟು ತಾಗಿತಾ ಇಲ್ಲವಾ ತೀರ್ಮಾನ ಮಾಡುತ್ತದೆ. ಶತ್ರುವಿಗೆ ಹೊಡೆಯುವಾಗ ಇದು ನ್ಯಾಯ. ಆದರೆ ಫ್ರೆಂಡ್ಲಿ ಫೈರ್ ಆನ್ ಇದ್ದರೆ ನಿಮ್ಮ ಗುರಿಯನ್ನು ಆಗಲೇ ದಾಟಿಹೋದೆ ಅಂದುಕೊಂಡಿದ್ದ ಗೆಳೆಯನಿಗೂ ಅದೇ ನ್ಯಾಯ ಬಡಿಯುತ್ತದೆ. ಅವನ ಪರದೆಯಲ್ಲಿ ನೋಡಿದರೆ ನೀವು ಬೇಕೆಂದೇ ಹೊಡೆದ ಹಾಗಿರುತ್ತದೆ. ಸುಮ್ನೆ ಮನಸ್ತಾಪ. ಗುಂಪಿನಲ್ಲಿ ಒಬ್ಬನ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, 150 ಮಿಲಿಸೆಕೆಂಡ್ ದಾಟಿ ಕುಣಿಯುತ್ತಿದ್ದರೆ ಆ ರಾತ್ರಿಗೆ ಫ್ರೆಂಡ್ಲಿ ಫೈರ್ ಆಫ್ ಮಾಡಿ ಆಡಿ ಅಂತಲೇ ನಾನು ಹೇಳುವುದು.

ಇದಕ್ಕಿಂತ ದೊಡ್ಡ ವಿಷಯ, ನೆಟ್ ಪೂರ್ತಿ ಹೋದರೆ ನಿಮ್ಮ ಪಾತ್ರಕ್ಕೆ ಏನಾಗುತ್ತದೆ ಅನ್ನುವುದು. ಮೈನ್‌ಕ್ರಾಫ್ಟ್, ಟೆರೇರಿಯಾದಲ್ಲಿ ಸಂಪರ್ಕ ಕಡಿದ ಮೇಲೆ ನೀವು ಲೋಕದಿಂದ ಮರೆಯಾಗುತ್ತೀರಿ. ರಸ್ಟ್‌ನಲ್ಲಿ ಹಾಗಲ್ಲ, ನಿಮ್ಮ ದೇಹ ಅಲ್ಲೇ ಮಲಗಿರುತ್ತದೆ. ಯಾರು ಬೇಕಾದರೂ ಬಂದು ಕೊಂದು ದೋಚಬಹುದು. ಆರ್ಕ್‌ನಲ್ಲೂ ಹೀಗೇ. ಭಾಗಮಂಡಲದ ಮಳೆಯಲ್ಲಿ ಎರಡು ದಿನ ಕರೆಂಟ್ ಇಲ್ಲದವನು ಇಂಥ ಪಿವಿಪಿ ಸರ್ವರ್‌ಗೆ ವಾಪಸ್ ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಹೇಳಿ? ಮಳೆಗಾಲದಲ್ಲಿ ಅವುಗಳ ಪಿವಿಇ ಸರ್ವರ್ ಹುಡುಕಿಕೊಳ್ಳಿ, ಪಿವಿಪಿ ಆಡುವ ಆಸೆಯನ್ನು ಕಾಫಿ ಕುಯ್ಲಿನ ಸಮಯಕ್ಕೆ ಇಟ್ಟುಕೊಳ್ಳಿ, ಆಗ ಆಕಾಶವೂ ಚೆನ್ನಾಗಿರುತ್ತದೆ, ಲೈನೂ ಇರುತ್ತದೆ. ಮನೆಯ ಕಂಪ್ಯೂಟರಿನಲ್ಲೇ ಹೋಸ್ಟ್ ಮಾಡುವುದಾದರೆ ಪೇಟೆಯಲ್ಲಿ ಫೈಬರ್ ಇರುವವರ ಮನೆಯಲ್ಲಿ ಮಾಡಿ.

ಹಾಗಾದರೆ ಯಾರಿಗೆ ಯಾವುದು

ಚಿಕ್ಕ ಮಕ್ಕಳ ಮೈನ್‌ಕ್ರಾಫ್ಟ್‌ಗೆ ಪಿವಿಪಿ ಆಫ್, ಕೀಪ್ ಇನ್ವೆಂಟರಿ ಆನ್, ಜೊತೆಗೆ ಲಾವಾ ಮತ್ತು ಟಿಎನ್‌ಟಿ ಬಗ್ಗೆ ಬಾಯಿಮಾತಿನ ನಿಯಮ. ಹೊಡೆದಾಟ ಬೇಕೇ ಬೇಕು ಅಂದರೆ ವಾರಕ್ಕೊಂದು ಸಂಜೆ ಆನ್ ಮಾಡಿ, ಎಲ್ಲರಿಗೂ ಒಂದೇ ಥರದ ಕತ್ತಿ, ಕವಚ ಕೊಟ್ಟು ಆಡಿಸಿ.

ದಸರಾ ರಜೆಗೆ ಊರಿಗೆ ಬಂದ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳೆಲ್ಲ ಸೇರಿದ ಗುಂಪಿಗೆ ಟೆರೇರಿಯಾ ಅಥವಾ ವ್ಯಾಲ್‌ಹೈಮ್. ಟೆರೇರಿಯಾದಲ್ಲಿ ಪಾತ್ರ ಮಾಡುವಾಗ ಮೀಡಿಯಮ್‌ಕೋರ್, ಹಾರ್ಡ್‌ಕೋರ್ ಅಂತ ಕೇಳುತ್ತದೆ. ಮೊದಲನೆಯದರಲ್ಲಿ ಸತ್ತರೆ ಸಾಮಾನೆಲ್ಲ ಬೀಳುತ್ತದೆ, ಎರಡನೆಯದರಲ್ಲಿ ಪಾತ್ರವೇ ಹೋಗುತ್ತದೆ. ಪಿವಿಪಿ ಆಡುವ ಆಸೆ ಇದ್ದರೆ ಎರಡೂ ಬೇಡ.

ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ ನಾಲ್ವರು, ಎಲ್ಲರ ಹತ್ತಿರ ಮೈಕ್ ಇದೆ, ನೆಟ್ ಗಟ್ಟಿ ಇದೆ ಅಂದರೆ ಹೆಲ್‌ಡೈವರ್ಸ್ 2, ಡೀಪ್ ರಾಕ್. ಫ್ರೆಂಡ್ಲಿ ಫೈರ್ ಇಲ್ಲದ ಆಟ ಇವರಿಗೆ ಸಪ್ಪೆ ಅನಿಸುತ್ತದೆ. ಮೈಕ್ ಇಲ್ಲದಿದ್ದರೆ ನಾನು ಬೇಡ ಅನ್ನುತ್ತೇನೆ. ಕ್ಷಮಿಸು ಅಂತ ಆ ಕ್ಷಣದಲ್ಲೇ ಹೇಳುವ ದಾರಿ ಇಲ್ಲದ ಕಡೆ ಗೆಳೆಯನ ಗುಂಡು ತಾಗಬಾರದು.

ಗುರುತಿಲ್ಲದವರು ಬಂದು ಹೋಗುವ ತೆರೆದ ಸರ್ವರ್ ನಡೆಸುವವರು ಪಿವಿಪಿಗೆ ಬೇರೆ ಜಾಗವನ್ನೇ ಮಾಡಿ. ಗಡಿ ಕಣ್ಣಿಗೆ ಕಾಣಬೇಕು. ಬೇಲಿ ಹಾಕಿ, ಬೋರ್ಡ್ ಹಾಕಿ, ದಾಟಿದವನಿಗೆ ತಾನು ದಾಟಿದ್ದು ಗೊತ್ತಾಗಬೇಕು. ಗೊತ್ತಿಲ್ಲದೆ ಒಳಗೆ ಬಂದವನನ್ನು ಹೊಡೆದರೆ ಗಡಿ ಇದ್ದೂ ಇಲ್ಲದ ಹಾಗೆ.

ಆಗಲೇ ನಡೆಯುತ್ತಿರುವ ಸರ್ವರ್‌ನಲ್ಲಿ ಸೆಟ್ಟಿಂಗ್ ಬದಲಾಯಿಸುವವರು ರಾತ್ರೋರಾತ್ರಿ ಮಾಡಬೇಡಿ. ಒಂದು ವಾರ ಮೊದಲೇ ಗ್ರೂಪಿನಲ್ಲಿ ಹಾಕಿ, ಮನೆ ಭದ್ರ ಮಾಡಿಕೊಳ್ಳುವವರಿಗೆ, ಸಾಮಾನು ಪೆಟ್ಟಿಗೆಗೆ ಸೇರಿಸುವವರಿಗೆ ಸಮಯ ಕೊಡಿ. ಪಿವಿಪಿ ಆನ್ ಮಾಡುವ ಮುಂಚೆಯೇ ವರ್ಲ್ಡ್ ಫೋಲ್ಡರನ್ನು ಕಾಪಿ ಮಾಡಿ ಬೇರೆ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಆಮೇಲೆ ಎಲ್ಲರಿಗೂ ಬೇಡ ಅನಿಸಿದರೆ ಆ ಕಾಪಿಯನ್ನೇ ವಾಪಸ್ ಹಾಕಿ ಆಟ ಮುಂದುವರಿಸಬಹುದು.